ಹೆಂಚು ಸರಿಸುವ ಗಾಳಿ

ನಮ್ಮನ್ನು ಕರೆಸಿದ್ದು ಹೆಂಚಿನ ಕೆಲಸಕ್ಕಲ್ಲ. ಮಾಲೂರಿನ ಆಚೆ, ಹೂವು ತರಕಾರಿ ಮಾವು ಸಾಗಿಸಲೆಂದೇ ಕಟ್ಟಿದ ಸರಕು ವಿಮಾನ ನಿಲ್ದಾಣದಲ್ಲಿ ಒಂದು ತಕರಾರು ಎದ್ದಿತ್ತು. ದೊಡ್ಡ ವಿಮಾನ ಹಾರಿದ ಮೇಲೆ ಅದರ ಹಿಂದೆ ಹೊರಡುವ ಸಣ್ಣ ವಿಮಾನ ಎಷ್ಟು ಹೊತ್ತು ಕಾಯಬೇಕು ಎಂಬುದೇ ಆ ತಕರಾರು. ಮಾವಿನ ಕಾಲದಲ್ಲಿ ಕಾಯುವ ಒಂದೊಂದು ನಿಮಿಷವೂ ಅಲ್ಲಿನ ಅಧಿಕಾರಿಗೆ ಉಗುರಿನೊಳಗೆ ಮುಳ್ಳು ಹೊಕ್ಕಂತೆ. ಹಣ್ಣು ಕಾಯುವುದಿಲ್ಲ, ವಿಮಾನ ಮಾತ್ರ ಯಾಕೆ ಕಾಯಬೇಕು ಎಂದು ಅವರು ನಮ್ಮ ತಂಡದ ಮುಖ್ಯಸ್ಥರನ್ನು ಕೇಳಿದ್ದರಂತೆ.

ಕಾಯಬೇಕಾದದ್ದು ಗಾಳಿಗಾಗಿ. ವಿಮಾನ ಮೇಲೇರುವಾಗ ಅದರ ಎರಡೂ ರೆಕ್ಕೆಗಳ ತುದಿಯಿಂದ ಒಂದೊಂದು ಸುಳಿಗಾಳಿ ಹಿಂದಕ್ಕೆ ಬಿಚ್ಚಿಕೊಳ್ಳುತ್ತದೆ. ವಿಮಾನ ಭಾರವಾದಷ್ಟೂ ನಿಧಾನವಾದಷ್ಟೂ ಸುಳಿಗೆ ಬಲ ಹೆಚ್ಚು. ಈ ಸುಳಿಗಳು ಜೋಡಿಯಾಗಿಯೇ ಮೆಲ್ಲಗೆ ಕೆಳಗಿಳಿಯುತ್ತವೆ, ಬೀಸುವ ಗಾಳಿ ತಳ್ಳಿದ ಕಡೆಗೆ ಸರಿಯುತ್ತವೆ, ಆಮೇಲೆ ಕರಗುತ್ತವೆ. ಹಿಂದೆ ಬಂದ ಸಣ್ಣ ವಿಮಾನ ಅದರೊಳಗೆ ಸಿಕ್ಕಿದರೆ ಮಗುಚಿಕೊಳ್ಳುವುದೂ ಉಂಟು. ಆ ಸುಳಿ ಎಷ್ಟು ಹೊತ್ತು ಇರುತ್ತದೆ, ಎತ್ತ ಹೋಗುತ್ತದೆ ಎಂದು ಅಳೆಯುವುದು ನನ್ನ ಕೆಲಸ. ಕಣ್ಣಿಗೆ ಕಾಣದ್ದನ್ನು ಅಳೆಯುವ ಕೆಲಸ ಎಂದು ನಮ್ಮಣ್ಣ ಗೌನಿಪಲ್ಲಿಯಲ್ಲಿ ಎಲ್ಲರೆದುರು ನನ್ನನ್ನು ಆಡಿಕೊಳ್ಳುತ್ತಾನೆ. ಅವನ ತೋಟದ ಹಣ್ಣೂ ಅದೇ ವಿಮಾನಗಳಲ್ಲಿ ಹೋಗುತ್ತಿತ್ತು ಎಂಬುದನ್ನು ಇಲ್ಲಿ ಹೇಳಿಬಿಡುವುದು ಒಳ್ಳೆಯದು.

ಅಳೆಯುವ ಯಂತ್ರದ ಹೆಸರು ಲೈಡಾರ್. ನೋಡಲು ಒಂದು ದೊಡ್ಡ ಪೆಟ್ಟಿಗೆ. ಕಣ್ಣಿಗೆ ಕಾಣದ ಲೇಸರ್ ಬೆಳಕನ್ನು ಅದು ಆಕಾಶಕ್ಕೆ ಬಿಡುತ್ತದೆ. ಗಾಳಿಯಲ್ಲಿ ತೇಲುವ ಧೂಳಿಗೆ ತಾಗಿ ಒಂದಿಷ್ಟು ಬೆಳಕು ವಾಪಸು ಬರುತ್ತದೆ. ಅದರಿಂದ ಆ ಧೂಳು ನಮ್ಮ ಕಡೆಗೆ ಬರುತ್ತಿದೆಯೋ ದೂರ ಹೋಗುತ್ತಿದೆಯೋ, ಎಷ್ಟು ವೇಗದಲ್ಲಿ ಎಂದು ಲೆಕ್ಕ ಸಿಗುತ್ತದೆ. ನಮ್ಮ ಪರದೆಯಲ್ಲಿ ಬರುವ ಗಾಳಿ ನೀಲಿ, ಹೋಗುವ ಗಾಳಿ ಕೆಂಪು. ಒಂದು ಕಡೆ ಕೆಂಪಿನ ಕೆಳಗೆ ನೀಲಿ, ಪಕ್ಕದಲ್ಲೇ ನೀಲಿಯ ಕೆಳಗೆ ಕೆಂಪು ಕಂಡರೆ ಸುಳಿಯ ಜೋಡಿ ಸಿಕ್ಕಿತು ಎಂದರ್ಥ. ಯಂತ್ರವನ್ನು ರನ್‌ವೇ ಮುಗಿಯುವಲ್ಲಿ ನಿಲ್ಲಿಸಿ, ನಾನು ಮತ್ತು ಮುಳಬಾಗಿಲಿನವನಾದ ನಮ್ಮ ಟೆಕ್ನಿಷಿಯನ್ ಬೆಳಗಿನಿಂದ ಸಂಜೆಯವರೆಗೆ ಕೆಂಪು ನೀಲಿ ನೋಡುತ್ತ ಕೂತಿರುತ್ತಿದ್ದೆವು.

ರನ್‌ವೇಯಾಚೆ ಬೇಲಿ, ಬೇಲಿಯಾಚೆ ಹಿಪ್ಪುನೇರಳೆ ಹೊಲ, ಹೊಲದಾಚೆ ಹೆಂಚಿನ ಮನೆಗಳ ಒಂದು ಸಣ್ಣ ಊರು. ಮಾವಿನ ವಿಮಾನಗಳು ಶುರುವಾದಾಗಿನಿಂದ ಮನೆಗಳ ಹೆಂಚು ಜಾರುತ್ತಿವೆ, ಬೀಳುತ್ತಿವೆ ಎಂದು ಊರಿನವರು ದೂರು ಕೊಟ್ಟಿದ್ದರು. ಅಧಿಕಾರಿಯ ಬಳಿ ಉತ್ತರ ಸಿದ್ಧವಿತ್ತು.

“ಕೋತಿ ಕಾಟ ಮೇಡಂ. ಕೋಲಾರ ಜಿಲ್ಲೇಲಿ ಕೋತಿ ಇಲ್ಲದ ಊರು ತೋರಿಸಿ ನೋಡೋಣ.”

ಆದರೂ ದೂರು ಬಂದಿದೆಯೆಂದು ಒಂದು ಸಮಿತಿ ಊರಿಗೆ ಹೊರಟಿತು. ಗಾಳಿಯ ವಿಷಯ ಬಲ್ಲವಳೆಂದು ನನ್ನನ್ನೂ ಜೀಪಿಗೆ ಹತ್ತಿಸಿಕೊಂಡರು. ಊರಿನ ಮೊದಲ ಮನೆ ರೇಷ್ಮೆ ಹುಳು ಸಾಕುವ ಒಬ್ಬ ಹೆಂಗಸಿನದು. ವಯಸ್ಸು ಐವತ್ತರ ಮೇಲಿರಬಹುದು. ದೂರಿನಲ್ಲಿ ಮೊದಲ ಹೆಬ್ಬೆಟ್ಟು ಅವರದೇ. ನಾವು ಇಳಿದು ನೋಡಿದರೆ ಬಾಗಿಲಲ್ಲಿ ದೊಡ್ಡ ರಂಗೋಲಿ. ಗೋಡೆಗೆ ಹೊಸ ಸುಣ್ಣ. ಮಾಡಿನ ಮೇಲೆ ಹೆಂಚುಗಳು ಸಾಲು ಹಿಡಿದು, ಈಗಷ್ಟೇ ಹೊದಿಸಿದ ಹಾಗೆ ಕೂತಿದ್ದವು. ಆ ಮನೆಯೊಂದೇ ಅಲ್ಲ, ಇಡೀ ಊರಿನಲ್ಲಿ ಒಂದು ಹೆಂಚೂ ಜಾರಿರಲಿಲ್ಲ.

“ಎಲ್ಲಮ್ಮ ಬಿದ್ದಿರೋದು?” ಎಂದರು ಅಧಿಕಾರಿ.

“ನಿನ್ನೆ ಎಲ್ಲಾ ಸರಿ ಮಾಡ್ಸಿಬಿಟ್ವಿ ಸಾಮಿ.”

“ನಾವು ನೋಡಕ್ಕೆ ಬರೋದೇ ಅದನ್ನಲ್ವಾ? ಯಾಕ್ ಸರಿ ಮಾಡಿದ್ರಿ?”

ಆಕೆ ಅವರನ್ನು ವಿಚಿತ್ರವಾಗಿ ನೋಡಿದರು. “ದೊಡ್ಡೋರು ಮನೇಗೆ ಬರ್ತಾರೆ ಅಂದ್ರೆ ಮುರ್ಕಲು ಮನೆ ಹಂಗೇ ತೋರ್ಸಾಕಾಗ್ತದಾ ಸಾಮಿ? ನಾಕ್ ಜನ ಏನಂತಾರೆ?”

ನನಗೆ ನಗು ತಡೆಯಲಾಗಲಿಲ್ಲ, ಅಳುವೂ ಬಂದಂತಾಯಿತು. ನಮ್ಮಮ್ಮನಾದರೂ ಅದನ್ನೇ ಮಾಡುತ್ತಿದ್ದಳು. ಅಷ್ಟರಲ್ಲಿ ಒಂದು ದೊಡ್ಡ ವಿಮಾನ ತಲೆಯ ಮೇಲೆ ಹೊಟ್ಟೆ ತೋರಿಸುತ್ತ ಹೋಯಿತು. ಸಮಿತಿಯವರೆಲ್ಲ ಕತ್ತೆತ್ತಿ ಮಾಡು ನೋಡಿದರು. ಒಂದು ಹೆಂಚೂ ಮಿಸುಕಲಿಲ್ಲ. ಅಧಿಕಾರಿ ನನ್ನತ್ತ ನೋಡಿ ಹುಬ್ಬು ಹಾರಿಸಿದರು. ಜೀಪು ಮುಂದಿನ ಬೀದಿಗೆ ಹೋಯಿತು. ಆಕೆ ಕೊಟ್ಟ ಮಜ್ಜಿಗೆ ಅರ್ಧ ಉಳಿದಿತ್ತಾದ್ದರಿಂದ ನಾನು ಅಲ್ಲೇ ಉಳಿದೆ.

ಮಜ್ಜಿಗೆಯ ಲೋಟ ಇನ್ನೂ ಕೈಯಲ್ಲಿತ್ತು. ಆಕಾಶ ಖಾಲಿ, ಎಲೆಯೂ ಅಲುಗದಷ್ಟು ನಿಶ್ಚಲ. ಇದ್ದಕ್ಕಿದ್ದಂತೆ ಮೇಲೆಲ್ಲೋ ಸುಯ್ಯೆಂದು ಸೀಟಿಯಂಥ ಸದ್ದು ಕೇಳಿತು. ಜೋಡಿಸಿಟ್ಟ ತಟ್ಟೆಗಳ ಮೇಲೆ ಯಾರೋ ಕೈಯಾಡಿಸಿದ ಹಾಗೆ ಹೆಂಚುಗಳು ಈ ತುದಿಯಿಂದ ಆ ತುದಿಗೆ ಟಕಟಕ ಎಂದವು. ಎರಡು ಜಾರಿ ಅಂಗಳಕ್ಕೆ ಬಿದ್ದವು.

“ನೋಡಿದ್ರಾ ಮೇಡಮ್ಮಾ? ಇಮಾನ ಹೋಗಿ ಎಲೆ ಅಡ್ಕೆ ಹಾಕ್ಕೊಳ್ಳೋ ಹೊತ್ತಾದ್ಮೇಲೆ ಬರ್ತದೆ. ಹೇಳಿದ್ರೆ ಯಾರೂ ನಂಬಲ್ಲ.”

ನಂಬದೇ ಇರುವುದು ಸಹಜ. ಸುಳಿ ಕೆಳಗಿಳಿಯಲು ಹೊತ್ತು ಬೇಕು, ಅಷ್ಟರಲ್ಲಿ ವಿಮಾನ ಕಣ್ಮರೆಯಾಗಿರುತ್ತದೆ, ನೋಡಲು ಬಂದವರೂ ಹೊರಟುಹೋಗಿರುತ್ತಾರೆ. ನಾನು ಗೌನಿಪಲ್ಲಿಯವಳೆಂದು ತಿಳಿದ ಮೇಲೆ ಆಕೆ ತೆಲುಗಿಗೆ ಇಳಿದು ನನ್ನನ್ನು ಅಮ್ಮಾಯಿ ಎಂದು ಕರೆಯತೊಡಗಿದರು. ಹುಳುಗಳಿಗೆ ಸೋಂಕು ತಾಗದಿರಲೆಂದು ಕೈಕಾಲು ತೊಳೆಸಿ, ಹೊಸಿಲಲ್ಲಿ ಹರಡಿದ ಸುಣ್ಣದ ಪುಡಿ ತುಳಿಸಿ ಹುಳುಮನೆಯ ಒಳಗೆ ಬಿಟ್ಟರು. ಒಳಗೆ ತಂಪಾದ ಅರೆಗತ್ತಲು. ಬಿದಿರಿನ ತಟ್ಟೆಗಳಲ್ಲಿ ಹುಳುಗಳು ಸೊಪ್ಪು ಮೇಯುವ ಚರಚರ ಸದ್ದು. ಹೆಂಚು ಜಾರಿದರೆ ಬಿಸಿಲಕೋಲು ನೇರ ತಟ್ಟೆಯ ಮೇಲೆ ಬೀಳುತ್ತದೆ, ಆ ಸಂದಿಯಿಂದ ಊಜಿ ನೊಣ ಬಂದು ಹುಳುವಿನ ಮೇಲೆ ಮೊಟ್ಟೆಯಿಡುತ್ತದೆ, ಬೆಳೆ ಹಾಳಾಗುತ್ತದೆ. ಹಿಂದಿನ ಬೆಳೆಯಲ್ಲಿ ಹೆಂಚೇ ಒಂದು ತಟ್ಟೆಯ ಮೇಲೆ ಬಿದ್ದಿತ್ತಂತೆ.

“ಈ ಮಾಡು ನಿಂತ್ರೆ ನನ್ನ ಹುಳ ನಿಲ್ತವೆ ಅಮ್ಮಾಯಿ. ಇಲ್ಲಾಂದ್ರೆ ಇಲ್ಲ. ಗಾಳಿ ಅಂತ ಬರ್ಕೊಡು, ಹೆಂಚು ಬಿಗಿಯಾಗಿ ಕಟ್ಟಿಸ್ಕೊಟ್ರೆ ಸಾಕು ಅವ್ರು.”

ಬರೆದುಕೊಡುತ್ತೇನೆ, ಆದರೆ ಅಳೆದೇ ಬರೆಯಬೇಕು ಎಂದೆ. ಮುಖ್ಯಸ್ಥರಿಗೆ ಫೋನು ಮಾಡಿದರೆ ಅವರು, “ನೋಡಮ್ಮ, ನಮಗೆ ಕೊಟ್ಟಿರೋ ಕೆಲಸ ರನ್‌ವೇದು, ಊರಿಂದಲ್ಲ” ಎಂದರು. ಕೊನೆಗೆ ಒಂದು ಕ್ಯಾಮೆರಾಕ್ಕೂ ಗಾಳಿಯ ವೇಗ ತೋರಿಸುವ ಒಂದು ಚಕ್ರಕ್ಕೂ ಒಪ್ಪಿಕೊಂಡರು. ಕ್ಯಾಮೆರಾ ಮಾಡನ್ನು ನೋಡುತ್ತ ಕಂಬದ ಮೇಲೆ, ಚಕ್ರ ಮಾಡಿನ ತುದಿಯಲ್ಲಿ. ಹೆಂಚು ಜಾರಿದಾಗ ಮಾಮೂಲಿ ಗಾಳಿ ಬೀಸುತ್ತಿರಲಿಲ್ಲ ಎಂದು ತೋರಿಸದಿದ್ದರೆ ಅಧಿಕಾರಿ ಅದನ್ನೂ ಬಿಡುವವರಲ್ಲ. ಎಲ್ಲ ಗಡಿಯಾರಗಳನ್ನೂ ವಿಮಾನ ಹೊರಡುವ ಗಡಿಯಾರಕ್ಕೆ ಹೊಂದಿಸಿದೆವು. ಜಾರಿದ ಹೆಂಚನ್ನು ಮುಟ್ಟಬೇಡಿ ಎಂದು ನಾನು ಆಕೆಗೆ ಕೈಮುಗಿದು ಹೇಳಿದೆ.

“ಹುಳ ಜ್ವರಕ್ಕೆ ಕೂತವೆ. ಈಗ ಬಿಸಿಲು ಬಿಟ್ಟೇನಾ?” ಎಂದು ಆಕೆ ಗದರಿದರು. ಹುಳು ಪೊರೆ ಬಿಡಲು ತಲೆಯೆತ್ತಿ ಅಲುಗದೆ ಕೂರುವುದನ್ನು ಅಲ್ಲಿ ಜ್ವರ ಎನ್ನುತ್ತಾರೆ. ಕೊನೆಗೆ ಸೊಪ್ಪು ಇಡುವ ಕೋಣೆಯ ಮೇಲಿನ ಹೆಂಚುಗಳನ್ನು ಮಾತ್ರ ಮುಟ್ಟುವುದಿಲ್ಲ ಎಂಬಲ್ಲಿಗೆ ರಾಜಿಯಾಯಿತು.

ಕ್ಯಾಮೆರಾ ಮೊದಲು ಹಿಡಿದದ್ದು ಕೋತಿಯನ್ನು. ಮರಿಯನ್ನು ಹೊಟ್ಟೆಗೆ ಕಟ್ಟಿಕೊಂಡು ಬಂದ ಒಂದು ತಾಯಿಕೋತಿ ಸೊಪ್ಪಿನ ಕೋಣೆಯ ಮೇಲೆ ಆರಾಮಾಗಿ ಕೂತು, ಒಂದು ಹೆಂಚೆತ್ತಿ ಒಳಗೆ ಇಣುಕಿ, ಇಷ್ಟವಾಗದೆ ಕೆಳಗೆ ಬಿಸಾಡಿತು.

“ಸಾಹೇಬ್ರು ಗೆದ್ರು ಮೇಡಂ” ಎಂದ ಟೆಕ್ನಿಷಿಯನ್.

ನನಗೆ ಮೈಯೆಲ್ಲ ಉರಿಯಿತು. ಆದರೂ ಅದನ್ನೂ ಬರೆದಿಟ್ಟೆ. ಅಧಿಕಾರಿಯ ಮಾತು ಪೂರ್ತಿ ಸುಳ್ಳಾಗಿರಲಿಲ್ಲ. ಆಮೇಲಿನ ದಿನಗಳಲ್ಲಿ ಕೋತಿಯಿಲ್ಲದೆ, ಗಾಳಿಯ ಚಕ್ರ ಅಲ್ಲಿಯವರೆಗೆ ನಿಂತೇ ಇದ್ದು, ವಿಮಾನ ಹೋದ ಒಂದು ನಿಮಿಷದ ಆಸುಪಾಸಿನಲ್ಲಿ ಹೆಂಚು ಜಾರಿದ್ದು ಹಲವು ಸಲ ಸಿಕ್ಕಿತು. ಅದನ್ನು ಹಿಡಿದುಕೊಂಡು ಹೋದರೆ ಅಧಿಕಾರಿ ಶಾಂತವಾಗಿ ಕೇಳಿದರು: “ಹೆಂಚು ಜಾರಿದ್ದು ಕಾಣ್ತಿದೆ. ನಿಮ್ಮ ಸುಳಿ ಎಲ್ಲಿದೆ ಮೇಡಂ ಇದರಲ್ಲಿ?”

ಪ್ರಶ್ನೆ ಸರಿಯಾಗಿಯೇ ಇತ್ತು. ನಮ್ಮ ಯಂತ್ರ ರನ್‌ವೇಯ ತುದಿಯಲ್ಲಿ ಆಕಾಶವನ್ನು ಅಡ್ಡಡ್ಡ ಸೀಳಿ ನೋಡುತ್ತಿತ್ತು. ಅಲ್ಲಿ ಹುಟ್ಟಿದ ಸುಳಿ ಊರಿನವರೆಗೆ ಹೋಯಿತೇ ಎಂದು ಅದಕ್ಕೆ ತಿಳಿಯುವಂತಿರಲಿಲ್ಲ. ಯಂತ್ರವನ್ನು ಹಿಪ್ಪುನೇರಳೆ ಹೊಲಕ್ಕೇ ಒಯ್ದು, ಆ ಮಾಡಿನ ಮೇಲಿನ ಆಕಾಶ ನೋಡಬೇಕಿತ್ತು. ಆದರೆ ಯಂತ್ರ ನಮ್ಮಲ್ಲಿ ಇರುವುದು ಇನ್ನು ಒಂದೇ ವಾರ. ಅದನ್ನು ಅಲ್ಲಿಂದ ಎತ್ತಿದರೆ ನಾವು ಬಂದ ಕೆಲಸವೇ ಅರ್ಧಕ್ಕೆ ನಿಲ್ಲುತ್ತದೆ. ಎರಡು ದಿನ ಆ ಯೋಚನೆಯಲ್ಲೇ ಒದ್ದಾಡಿದೆ. ಕಣ್ಣು ಮುಚ್ಚಿದರೆ ಆ ಸೀಟಿ ಕೇಳುತ್ತಿತ್ತು. ಮೂರನೆಯ ಬೆಳಿಗ್ಗೆ ಮುಖ್ಯಸ್ಥರಿಗೆ ಫೋನು ಮಾಡಿದೆ.

“ಸಾರ್, ಲೈಡಾರನ್ನ ಊರಿನ ಹೊಲಕ್ಕೆ ಸಾಗಿಸ್ತಿದ್ದೀನಿ.”

“ನೀನು ಕೇಳ್ತಿದ್ದೀಯೋ, ಹೇಳ್ತಿದ್ದೀಯೋ?”

“ಹೇಳ್ತಿದ್ದೀನಿ ಸಾರ್.”

“ಸರಿ. ರನ್‌ವೇ ಅಳತೆ ಯಾಕೆ ನಿಂತಿತು ಅಂತ ವರದೀಲಿ ನಿನ್ನ ಹೆಸರಲ್ಲೇ ಬರಿ” ಎಂದು ಫೋನಿಟ್ಟರು. ಬೈದಿದ್ದರೆ ವಾಸಿಯಿತ್ತು.

ಟ್ರ್ಯಾಕ್ಟರಿನ ತೊಟ್ಟಿಯಲ್ಲಿ ಹುಲ್ಲಿನ ಮೂಟೆಗಳ ಮೇಲೆ ಕೂರಿಸಿ, ಹಗ್ಗ ಬಿಗಿದು, ಬದುವಿನ ಮೇಲೆ ಬಸುರಿಯನ್ನು ಕರೆದೊಯ್ಯುವಷ್ಟು ನಿಧಾನವಾಗಿ ಯಂತ್ರವನ್ನು ಸಾಗಿಸಿದೆವು. ನೆಲ ಮಟ್ಟ ಮಾಡಿ, ಕಲ್ಲು ಚಪ್ಪಡಿ ಹಾಸಿ ನಿಲ್ಲಿಸಿದ ಸಂಜೆಯೇ ಮಳೆ ಹೊಡೆಯಿತು. ಮರುದಿನ ಆಕಾಶ ತೊಳೆದಿಟ್ಟ ಹಾಗಿತ್ತು. ಊರಿನವರೆಲ್ಲ ಎಷ್ಟು ಚಂದ ಎಂದರು. ನನಗೆ ತಲೆಯ ಮೇಲೆ ಕೈಹೊತ್ತು ಕೂರುವಂತಾಯಿತು, ಯಾಕೆಂದರೆ ಧೂಳಿಲ್ಲದ ಗಾಳಿಯಿಂದ ಬೆಳಕು ವಾಪಸು ಬರುವುದಿಲ್ಲ. ಪರದೆ ಪೂರ್ತಿ ಬೂದು. ಮಾರನೆಯ ದಿನ ಗಾಳಿ ಜೋರಾಗಿ ಬೀಸಿ ಸುಳಿಗಳನ್ನೆಲ್ಲ ಊರಿಗೆ ಬರುವ ಮೊದಲೇ ಚೆದುರಿಸಿತು. ವಾರ ಮುಗಿಯುತ್ತ ಬಂತು.

“ದುವಾ ಮಾಡ್ತೀನಿ ಮೇಡಂ, ಒಸಿ ಧೂಳು ಬರ್ಲಿ ಅಂತ” ಎಂದ ಟೆಕ್ನಿಷಿಯನ್. “ಮನೇಲಿ ಕೇಳಿದ್ರೆ ನಗ್ತಾರೆ.”

ಧೂಳು ಬಂತು. ಎರಡು ದಿನದ ಬಿಸಿಲಿಗೆ ನೆಲ ಒಣಗಿ, ಸುತ್ತ ಟ್ರ್ಯಾಕ್ಟರುಗಳು ಉಳಲು ಇಳಿದಿದ್ದವು. ಬೆಳಿಗ್ಗೆ ಗಾಳಿ ಬಿದ್ದುಹೋಗಿತ್ತು. ಶ್ರೀನಿವಾಸಪುರದ ಹಣ್ಣು ತುಂಬಿಕೊಂಡ ದೊಡ್ಡ ವಿಮಾನ ಏದುಸಿರು ಬಿಡುತ್ತ ಎದ್ದು ನಮ್ಮ ಮೇಲೆ ಹಾದುಹೋಯಿತು. ಪರದೆಯ ಮೇಲ್ಭಾಗದಲ್ಲಿ ಎರಡು ಚುಕ್ಕೆ ಕಂಡವು. ಕೆಂಪಿನ ಕೆಳಗೆ ನೀಲಿ, ನೀಲಿಯ ಕೆಳಗೆ ಕೆಂಪು. ಎರಡೂ ಒಟ್ಟಿಗೆ ಇಳಿದವು. ನೆಲ ಹತ್ತಿರವಾಗುತ್ತಲೇ ಒಂದನ್ನೊಂದು ಬಿಟ್ಟು ಎರಡು ಕಡೆಗೆ ಸರಿದವು. ಎಡಗಡೆಯದು ಹಿಪ್ಪುನೇರಳೆಯ ಮೇಲೆ ಹಾದು ಮನೆಯತ್ತ ಹೊರಟಿತು.

“ಬಂತು, ಬಂತು, ಬಂತು!” ಎಂದು ನಾನು ಕೂಗಿಕೊಂಡೆ. ಬಾಗಿಲಲ್ಲಿ ನಿಂತಿದ್ದ ಆಕೆ ಸೊಪ್ಪಿನ ಬುಟ್ಟಿ ಕೆಳಗಿಟ್ಟು ಮಾಡು ನೋಡಿದರು. ಸುಯ್ಯೆಂದಿತು. ಹೆಂಚುಗಳು ಟಕಟಕ ಎಂದವು. ಬರುವುದನ್ನು ಮೊದಲೇ ಕಂಡು ಹೇಳಿದ್ದು ಆಕೆಗೆ ಪವಾಡದಂತೆ ತೋರಿರಬೇಕು. ಓಡಿಬಂದು ನನ್ನ ಎರಡೂ ಕೆನ್ನೆ ಸವರಿ ನೆಟಿಗೆ ಮುರಿದರು. ಅಷ್ಟು ಸಂತೋಷ ನನಗೆ ಕೆಲಸದಲ್ಲಿ ಯಾವತ್ತೂ ಆಗಿರಲಿಲ್ಲ.

ವರದಿಯಲ್ಲಿ ಎಲ್ಲವನ್ನೂ ಬರೆದೆ, ಕೋತಿಯನ್ನೂ ಸೇರಿಸಿ. ಸುಳಿ ತಾಗಬಹುದಾದ ಮನೆಗಳ ಸುತ್ತ ನಕ್ಷೆಯ ಮೇಲೆ ಗೆರೆ ಎಳೆದು ತೋರಿಸಿದೆ. ಆ ಗೆರೆಯೊಳಗಿನ ಮನೆಗಳ ಹೆಂಚುಗಳನ್ನು ಒಂದೊಂದಾಗಿ ತಂತಿಯಿಂದ ಕೆಳಗಿನ ಮರದ ರೀಪಿಗೆ ಕಟ್ಟಬೇಕು ಎಂದು ಸೂಚಿಸಿದೆ. ಸಮಿತಿ ಒಪ್ಪಿತು. ಅಧಿಕಾರಿ ಸ್ವತಃ ಫೋನು ಮಾಡಿ, “ನೀವು ಹೇಳಿದ್ದೇ ಸರಿ ಮೇಡಂ” ಎಂದರು. ಅದು ಅವರ ದೊಡ್ಡತನ. ನಾನು ಬೇರೆ ನಿಲ್ದಾಣದ ಕೆಲಸಕ್ಕೆ ಕರಾವಳಿಗೆ ಹೋದೆ. ಮಾವಿನ ಕಾಲ ಮುಗಿದು, ಇನ್ನೊಂದು ಬಂತು.

ಅಣ್ಣನ ಮನೆಗೆ ಹೋಗುವಾಗ ಸುತ್ತು ಹಾಕಿಕೊಂಡು ಆ ಊರಿನ ದಾರಿ ಹಿಡಿದೆ. ದೂರದಿಂದಲೇ ಕಣ್ಣು ಕೋರೈಸಿತು. ನಾನು ಗೆರೆ ಎಳೆದಿದ್ದೆನಲ್ಲ, ಸರಿಯಾಗಿ ಅದರೊಳಗಿನ ಮನೆಗಳ ಮೇಲೆಲ್ಲ ನೀಲಿ ತಗಡಿನ ಶೀಟುಗಳು ಹೊಳೆಯುತ್ತಿದ್ದವು. ಗೆರೆಯಾಚೆಯ ಮನೆಗಳು ಹೆಂಚು ಹೊದ್ದೇ ಇದ್ದವು.

ಆಕೆ ನನ್ನನ್ನು ಕಂಡು ಹಿಗ್ಗಿ ಒಳಗೆ ಕರೆದರು. ಕೈಕಾಲು ತೊಳೆಸಲಿಲ್ಲ. ಹೊಸಿಲಲ್ಲಿ ಸುಣ್ಣವಿರಲಿಲ್ಲ. ಹುಳುಮನೆಗೆ ಕಾಲಿಟ್ಟರೆ ಒಲೆಯ ಬಾಯಿಗೆ ಮುಖ ಕೊಟ್ಟ ಹಾಗೆ ಸೆಕೆ. ಬಿದಿರಿನ ತಟ್ಟೆಗಳು ಗೋಡೆಗೆ ಒರಗಿ ನಿಂತಿದ್ದವು.

“ತಂತಿ ಕಟ್ಟಿಸ್ಕೊಡಿ ಅಂತ ಬರೆದಿದ್ನಲ್ಲಮ್ಮ?”

“ಒಂದೊಂದು ಹೆಂಚೂ ಕಟ್ಟಾಕೆ ತಿಂಗಳುಗಟ್ಲೆ ಆಗ್ತದಂತೆ. ಶೀಟಾದ್ರೆ ಬೇಗ ಮುಗೀತದೆ ಅಂದ್ರು. ಹೊಸ ಶೀಟು, ಸೋರಲ್ಲ, ಕೋತಿ ಕಾಟ ಇಲ್ಲ. ನಾವೂ ಖುಷಿಯಾಗೇ ಹಾಕಿಸ್ಕೊಂಡ್ವಿ, ಸುಳ್ಯಾಕೆ ಹೇಳ್ಲಿ. ಕಾಯಿ ಒಡ್ದಿದ್ದು ನಾನೇ.”

ಚಳಿಗಾಲದ ಬೆಳೆ ಬಂತಂತೆ. ಬೇಸಿಗೆಯಲ್ಲಿ ಹುಳು ಹಣ್ಣಾಗಿ ಗೂಡು ಕಟ್ಟುವ ಹೊತ್ತಿಗೆ ಸೆಕೆ ತಾಳದೆ ತಟ್ಟೆಯಲ್ಲೇ ಮೆತ್ತಗಾಗಿ ಸತ್ತವು. ಗೋಣಿತಾಟು ನೆನೆಸಿ ಕಟ್ಟಿದರು. ಎಲ್ಲರೂ ಮಾಡುವ ಹಾಗೆ ಶೀಟಿನ ಮೇಲೆ ತೆಂಗಿನ ಗರಿ ಹೊದಿಸಿದರು. ಗರಿಯನ್ನು ಅದೇ ಗಾಳಿ ಎತ್ತಿ ಒಗೆಯಿತು. ಮತ್ತೆ ಹೊದಿಸಿದಾಗ ನಿಲ್ದಾಣದವರು ಬಂದು, ಮಾಡಿನ ಮೇಲೆ ಸಡಿಲವಾದ ಏನನ್ನೂ ಇಡಬಾರದು, ಹಾರಿ ರನ್‌ವೇಗೆ ಬರುತ್ತದೆ ಎಂದು ಹೇಳಿ ಹೋದರು. ಅದೂ ಸರಿಯೇ. ಇನ್ನೊಂದು ಬೆಳೆಯೂ ಹೋದ ಮೇಲೆ ಆಕೆ ಕೈಬಿಟ್ಟರು. ಹಿಪ್ಪುನೇರಳೆಯನ್ನು ಬೇರುಸಮೇತ ಕಿತ್ತು ಟೊಮ್ಯಾಟೊ ಹಾಕಿದ್ದರು.

ಆ ವರದಿಯನ್ನು ಆಮೇಲೆ ಎಷ್ಟು ಸಲ ಓದಿದ್ದೇನೋ. ಒಂದು ಅಂಕಿ ತಪ್ಪಿಲ್ಲ, ಒಂದು ಮಾತು ಹೆಚ್ಚಿಲ್ಲ. ಎಲ್ಲಾದರೂ ಒಂದು ತಪ್ಪು ಸಿಕ್ಕಿದ್ದರೆ ಅದನ್ನು ಹಿಡಿದುಕೊಂಡು ಹೋಗಿ ಜಗಳವಾಡಬಹುದಿತ್ತು. ಮನೆಗೆ ಏನೂ ಆಗಬಾರದೆಂದು ಗಾಳಿ ಅಳೆದೆ. ಆ ಮನೆಯೊಳಗಿನ ತಂಪನ್ನು ಅಳೆಯಬೇಕೆಂದು ಯಾರಿಗೂ ತೋಚಲಿಲ್ಲ, ಆಕೆಗೂ ತೋಚಲಿಲ್ಲ. ಅದು ಇದ್ದೇ ಇತ್ತಲ್ಲ.

ಹಿತ್ತಿಲಲ್ಲಿ ಹಳೆಯ ಹೆಂಚುಗಳನ್ನು ಗೋಡೆಯುದ್ದಕ್ಕೂ ಅಂದವಾಗಿ ಜೋಡಿಸಿಟ್ಟಿದ್ದರು. “ಮತ್ತೆ ಹಾಕಿಸ್ತೀರಾ?” ಎಂದೆ. ನಿಲ್ದಾಣದವರು ಬಿಡಲ್ಲ ಎಂದರು ಆಕೆ. ನಾನು ಮತ್ತೊಮ್ಮೆ ಬರೆಯುತ್ತೇನೆ ಎನ್ನಲು ಹೊರಟಿದ್ದೆ. ಹೆಂಚು ಅಪಾಯ ಎಂದು ಬರೆದವಳೇ ನಾನು.

ವಿಮಾನ ಹೋಯಿತು. ಇಬ್ಬರೂ ಮಾತು ನಿಲ್ಲಿಸಿದೆವು. ನಾನು ಅಭ್ಯಾಸಬಲದಿಂದ ಕಾದೆ. ಸರಿಯಾದ ಹೊತ್ತಿಗೆ ಮೇಲೆ ಸುಯ್ಯೆಂದು ಬಂತು. ಶೀಟು ಅಲುಗಲಿಲ್ಲ.

“ನೋಡು, ಒಂಚೂರೂ ಅಲ್ಲಾಡಲ್ಲ. ನೀನು ಮಾಡಿದ್ದು ಒಳ್ಳೇದೇ ಅಮ್ಮಾಯಿ” ಎಂದು ಆಕೆ ನನ್ನ ಕೈಮೇಲೆ ಕೈಯಿಟ್ಟರು. ಆಮೇಲೆ ಎದ್ದು ಗೂಟಕ್ಕೆ ನೇತುಹಾಕಿದ್ದ ನೀಲಿ ಕೋಟು ತೊಟ್ಟುಕೊಂಡರು. ನಿಲ್ದಾಣದ ಸರಕಿನ ಶೆಡ್ಡಿನಲ್ಲಿ ಮಾವು ಪ್ಯಾಕು ಮಾಡುವ ಕೆಲಸ, ಮಧ್ಯಾಹ್ನದ ಪಾಳಿ. ಕೆಲಸ ಕಷ್ಟವಾ ಎಂದು ಕೇಳಿದೆ.

“ಕಷ್ಟ ಏನಿಲ್ಲ. ಹಣ್ಣು ಕೆಡಬಾರ್ದು ಅಂತ ದೊಡ್ಡ ದೊಡ್ಡ ಮಿಷನ್ನು ಇಟ್ಟವ್ರೆ. ಒಳಗೆ ಎಂಥಾ ತಂಪು ಅಂತೀಯ!” ಗುಂಡಿ ಹಾಕಿಕೊಳ್ಳುತ್ತಿದ್ದ ಕೈ ಒಂದು ಗಳಿಗೆ ನಿಂತಿತು. “ಅಲ್ಲಿ ಹುಳ ಸಾಕ್ಬೋದು ಅಮ್ಮಾಯಿ.”